ಯಾರ ಏಟು ಜೋರು?

"ನಾನು ಮೆಲ್ಲಗೇ ಮುಟ್ಟಿದ್ದು!" "ಇಲ್ಲ, ಜೋರಾಗೇ ಹೊಡೆದೆ!" ಈ ಜಗಳ ಆಡದೆ ಬೆಳೆದ ಮಗು ಎಲ್ಲಾದರೂ ಇದೆಯೇ? ಅಣ್ಣ ತಂಗಿಯರ ನಡುವೆ, ಒಂದೇ ಬೆಂಚಿನಲ್ಲಿ ಕೂರುವ ಗೆಳೆಯರ ನಡುವೆ ದಿನಾ ನಡೆಯುವ ವ್ಯಾಜ್ಯ ಇದು. ದೊಡ್ಡವರು ಬಂದು, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ ಎಂದು ಗದರಿ ಹೋಗುತ್ತಾರೆ. ಮಕ್ಕಳೇ, ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ವಿಜ್ಞಾನಿಗಳು ಇದನ್ನು ಅಳೆದೇ ನೋಡಿದ್ದಾರೆ. ಆ ಅಳತೆಯ ಕಥೆಗೆ ಬರುವ ಮೊದಲು ಕೋಲಾರ ತಾಲ್ಲೂಕಿನ ಕ್ಯಾಲನೂರಿಗೆ ಹೋಗಿ, ಒಂದು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಅಂಗಳ ಯಾರದ್ದಾದರೂ ಆಗಬಹುದು, ಊಹಿಸಿಕೊಳ್ಳಿ. ಅಲ್ಲೊಬ್ಬಳು ಏಳನೇ ತರಗತಿಯ ಹುಡುಗಿ. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಲು ರಾಣಿ ಲಕ್ಷ್ಮೀಬಾಯಿ ಹೆಸರಿನ ಯೋಜನೆಯೊಂದಿದೆ. ಅದರಲ್ಲಿ ಅವಳು ಕರಾಟೆ ಕಲಿಯುತ್ತಿದ್ದಾಳೆ. ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಯಾರ ಜೊತೆ ಅಭ್ಯಾಸ ಮಾಡುವುದು? ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರು ನಿಲ್ಲುತ್ತಾಳೆ. ಅಮ್ಮನಿಗೆ ಕರಾಟೆ ಬರದು. ಈ ಅಂಗಳದಲ್ಲಿ ಮಗಳೇ ಮೇಷ್ಟ್ರು. ಹೀಗೆ ಎದುರುಬದುರು ನಿಂತು, ನೋವಾಗದಂತೆ ಹೊಡೆದು ತಪ್ಪಿಸಿಕೊಳ್ಳುವ ಅಭ್ಯಾಸಕ್ಕೆ ಕರಾಟೆ ತರಗತಿಗಳಲ್ಲಿ ಸ್ಪಾರಿಂಗ್ ಅನ್ನುತ್ತಾರೆ. ಅಪ್ಪ ಅಮ್ಮಂದಿರೆಲ್ಲ ಒಮ್ಮೆಯಾದರೂ ಮಕ್ಕಳೊಂದಿಗೆ ಹೀಗೆ ನಿಲ್ಲಬೇಕು ಎಂಬುದು ನನ್ನ ಆಸೆ. ಯಾಕೆಂದರೆ ಆ ಐದು ನಿಮಿಷದಲ್ಲಿ ಎಷ್ಟೊಂದು ವಿಜ್ಞಾನ ನಡೆದುಹೋಗುತ್ತದೆ!

ಮೊದಲು ನಿಲುವು. "ಅಮ್ಮಾ, ಕಾಲು ಅಗಲ ಮಾಡು, ಮಂಡಿ ಬಗ್ಗಿಸು" ಎನ್ನುತ್ತಾಳೆ ಮಗಳು. ನಮ್ಮ ದೇಹದ ತೂಕವೆಲ್ಲ ಒಂದೇ ಬಿಂದುವಿನಲ್ಲಿ ಸೇರಿದೆ ಎಂದು ಲೆಕ್ಕ ಹಿಡಿಯಬಹುದು. ಅದು ಗುರುತ್ವ ಕೇಂದ್ರ. ನೆಟ್ಟಗೆ ನಿಂತವರಲ್ಲಿ ಅದು ಹೊಟ್ಟೆಯೊಳಗೆ, ಹೆಚ್ಚುಕಡಿಮೆ ಹೊಕ್ಕುಳಿನ ಕೆಳಗೆ ಇರುತ್ತದೆ. ಅಲ್ಲಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆದರೆ ಅದು ಎರಡು ಪಾದಗಳು ಸುತ್ತುವರಿದ ಜಾಗದೊಳಗೆ ಬೀಳಬೇಕು. ಆ ಜಾಗದಿಂದ ಗೆರೆ ಆಚೆ ಹೋಯಿತೋ, ನಾವೂ ಬಿದ್ದೆವು. ಪಾದ ಅಗಲಿಸಿದರೆ ಜಾಗ ದೊಡ್ಡದಾಗುತ್ತದೆ, ಮಂಡಿ ಬಗ್ಗಿಸಿದರೆ ಕೇಂದ್ರ ಕೆಳಗಿಳಿಯುತ್ತದೆ. ಎರಡೂ ಸೇರಿದರೆ ಕೆಡವುವುದು ಕಷ್ಟ. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಹಾಗಾಗಿ ಅವರ ಗುರುತ್ವ ಕೇಂದ್ರ ದೊಡ್ಡವರಿಗಿಂತ ತುಸು ಮೇಲಕ್ಕಿರುತ್ತದೆ. ಬೇಗ ಆಯ ತಪ್ಪುವುದಕ್ಕೆ ಇದೂ ಒಂದು ಕಾರಣ.

ಒಂದು ಸೂಕ್ಷ್ಮವಿದೆ. ಎರಡೂ ಕಾಲನ್ನು ಅಕ್ಕಪಕ್ಕ ಅಗಲಿಸಿ ನಿಂತು, ತಮ್ಮನಿಗೆ ಎದೆಯನ್ನು ಮೆಲ್ಲಗೆ ಹಿಂದಕ್ಕೆ ನೂಕಲು ಹೇಳಿ. ಸುಲಭವಾಗಿ ವಾಲುತ್ತೀರಿ. ಈಗ ಒಂದು ಕಾಲು ಮುಂದೆ, ಒಂದು ಹಿಂದೆ, ನಡುವೆ ತುಸು ಅಂತರ ಇಟ್ಟು ನಿಲ್ಲಿ. ಮುಂದಿನಿಂದ ನೂಕಿದರೂ ಪಕ್ಕದಿಂದ ನೂಕಿದರೂ ತಡೆಯುತ್ತೀರಿ. ಕರಾಟೆ, ದೊಣ್ಣೆವರಸೆ, ಕುಸ್ತಿ ಎಲ್ಲದರಲ್ಲೂ ಈ ಓರೆ ನಿಲುವೇ ಕಾಣುವುದು ಅದಕ್ಕೇ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ವೀರಗಲ್ಲುಗಳಿವೆಯಲ್ಲ, ಊರಿನ ದನಗಳನ್ನು ಕಾಯುತ್ತ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು, ಅವುಗಳ ಮುಂದೆ ಒಮ್ಮೆ ನಿಂತು ವೀರನ ಕಾಲುಗಳನ್ನು ನೋಡಿ. ಕತ್ತಿ, ಬಿಲ್ಲುಗಳನ್ನು ಎಲ್ಲರೂ ನೋಡುತ್ತಾರೆ, ಕಾಲುಗಳನ್ನು ಯಾರೂ ನೋಡುವುದಿಲ್ಲ. ಅಗಲವಾದ ಹೆಜ್ಜೆ, ಬಗ್ಗಿದ ಮಂಡಿ. ಭೌತವಿಜ್ಞಾನದ ಪುಸ್ತಕ ಓದದ ಶಿಲ್ಪಿಗೂ ಹೋರಾಡುವವನು ಹೇಗೆ ನಿಲ್ಲುತ್ತಾನೆಂದು ಚೆನ್ನಾಗಿ ಗೊತ್ತಿತ್ತು.

ಈಗ ಗುದ್ದು. ಅದು ತೋಳಿನಲ್ಲಿ ಹುಟ್ಟುತ್ತದೆ ಎಂದುಕೊಂಡಿದ್ದೀರಾ? ಉಯ್ಯಾಲೆಯ ಮೇಲೆ ಕೂತು, ಕಾಲು ನೆಲಕ್ಕೆ ತಾಗಿಸದೆ, ಗೋಡೆಯನ್ನು ನೂಕಿ ನೋಡಿ. ಗೋಡೆ ಅಲುಗುವುದಿಲ್ಲ, ನೀವೇ ಹಿಂದಕ್ಕೆ ಹೋಗುತ್ತೀರಿ. ನೀವು ಯಾವುದನ್ನು ನೂಕಿದರೂ ಅದು ನಿಮ್ಮನ್ನು ಅಷ್ಟೇ ಬಲದಿಂದ ಹಿಂದಕ್ಕೆ ನೂಕುತ್ತದೆ. ಇದು ನ್ಯೂಟನ್‌ನ ಮೂರನೇ ನಿಯಮ. ನಿಂತು ಗುದ್ದುವಾಗ ಹಿಂದಿನ ಕಾಲು ನೆಲವನ್ನು ಒತ್ತುತ್ತದೆ, ನೆಲ ವಾಪಸ್ ಒತ್ತುತ್ತದೆ. ಆ ಒತ್ತು ಕಾಲಿನಿಂದ ಸೊಂಟಕ್ಕೆ, ಸೊಂಟ ತಿರುಗಿ ಭುಜಕ್ಕೆ, ಭುಜದಿಂದ ಮುಷ್ಟಿಗೆ ಬರುತ್ತದೆ. ಮಗಳ ಎತ್ತರಕ್ಕೆ ಸಮನಾಗಲೆಂದು ಅಮ್ಮ ಮಂಡಿಯೂರಿ ಕೂತಳೆನ್ನಿ, ಎತ್ತರವಷ್ಟೇ ಅಲ್ಲ, ಕಾಲಿನಿಂದ ಬರುವ ಬಲವನ್ನೂ ಬಿಟ್ಟುಕೊಟ್ಟಂತಾಯಿತು. ಅಮ್ಮ 60 ಕಿಲೋ, ಮಗಳು 30 ಕಿಲೋ ಇದ್ದರೆ, ಒಂದೇ ವೇಗದಲ್ಲಿ ಮುನ್ನುಗ್ಗಿದಾಗ ಅಮ್ಮನ ಸಂವೇಗ (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಿಗುವುದು) ಮಗಳದ್ದರ ಎರಡರಷ್ಟು. ಇಂಥ ಜೋಡಿಯಲ್ಲಿ ದೊಡ್ಡವರು ಏನನ್ನಾದರೂ ಬಿಟ್ಟುಕೊಡಲೇಬೇಕು.

ಮಗಳ ಗುದ್ದು ತಡೆಯಲು ಅಮ್ಮನ ಕೈಗೆ ಪ್ಯಾಡ್ ಇಲ್ಲದಿದ್ದರೆ ದಿಂಬು ಸಾಕು. ದಿಂಬು ಏಟಿನ ಸಂವೇಗವನ್ನು ಕಡಿಮೆ ಮಾಡುವುದಿಲ್ಲ. ಮುಷ್ಟಿ ನಿಲ್ಲಲು ತೆಗೆದುಕೊಳ್ಳುವ ಸಮಯವನ್ನು ಹೆಚ್ಚಿಸುತ್ತದೆ. ಗಟ್ಟಿ ಗೋಡೆಗೆ ತಾಗಿ ಸೆಕೆಂಡಿನ 100ನೇ ಒಂದು ಭಾಗದಲ್ಲಿ ನಿಲ್ಲುವ ಮುಷ್ಟಿ, ದಿಂಬಿನಲ್ಲಿ ಹೂತು 100ರಲ್ಲಿ 5 ಭಾಗ ಹೊತ್ತು ತೆಗೆದುಕೊಂಡು ನಿಂತರೆ, ಸರಾಸರಿ ಬಲ ಐದನೇ ಒಂದು ಪಾಲಿಗೆ ಇಳಿಯುತ್ತದೆ. ಲಾರಿಯ ಮೇಲಿನಿಂದ ಕೊಡುವ ಟೊಮೆಟೊ ಕ್ರೇಟನ್ನು ಕೆಳಗಿನವರು ಕೈ ಬಿಗಿಹಿಡಿಯದೆ, ತಗ್ಗಿಸುತ್ತಾ ಇಳಿಸಿಕೊಳ್ಳುವ ಹಾಗೆ. ಕ್ರೇಟು ಮೆಲ್ಲಗೆ ನಿಂತರೆ ಹಣ್ಣು ಜಜ್ಜುವುದಿಲ್ಲ. ಅಮ್ಮನೂ ಮಗಳ ಗುದ್ದು ತಾಗುತ್ತಿದ್ದಂತೆ ದಿಂಬನ್ನು ತುಸು ಹಿಂದಕ್ಕೆ ಬಿಟ್ಟರೆ ಮಗಳ ಮಣಿಕಟ್ಟು ಉಳುಕುವುದಿಲ್ಲ.

ಮುಂದೆ ಅಮ್ಮನ ಸರದಿ. ಅಮ್ಮನ ಕೈ ಬರುವುದನ್ನು ನೋಡಿ ಮಗಳು ತಪ್ಪಿಸಿಕೊಳ್ಳಬೇಕು. ನೋಡುವುದಕ್ಕೂ ಸಮಯ ಬೇಕು! ಬೆಳಕು ಕಣ್ಣಿಗೆ ಬಿದ್ದು, ಅಕ್ಷಿಪಟಲದಲ್ಲಿ ನರಸಂಕೇತವಾಗಿ, ತಲೆಯ ಹಿಂಬದಿಯ ಮಿದುಳಿಗೆ ಹೋಗಿ, ಅಲ್ಲಿಂದ ಕೈಕಾಲುಗಳಿಗೆ ಆಜ್ಞೆ ಇಳಿಯಬೇಕು. ದೊಡ್ಡವರಿಗೂ ಇದಕ್ಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ನಿಮ್ಮದನ್ನು ನೀವೇ ಅಳೆಯಬಹುದು. 30 ಸೆಂಟಿಮೀಟರ್ ಸ್ಕೇಲನ್ನು ಅಮ್ಮ ಮೇಲಿನ ತುದಿಯಲ್ಲಿ ಹಿಡಿದು ತೂಗುಬಿಡಲಿ. ಸೊನ್ನೆಯ ಗುರುತಿನ ಎರಡೂ ಬದಿ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳು ತಾಗದಂತೆ ಕಾದಿರಲಿ. ಅಮ್ಮ ಹೇಳದೆ ಕೇಳದೆ ಬಿಟ್ಟುಬಿಡಲಿ, ನೀವು ಹಿಡಿಯಿರಿ. 10 ಸೆಂಟಿಮೀಟರಿನಲ್ಲಿ ಹಿಡಿದರೆ 0.14 ಸೆಕೆಂಡು, 20ರಲ್ಲಿ ಹಿಡಿದರೆ 0.20 ಸೆಕೆಂಡು, ತೀರಾ ತುದಿಯಲ್ಲಿ ಸಿಕ್ಕರೆ 0.25 ಸೆಕೆಂಡು. ಭೂಮಿ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಕೆಳಗೆ ಎಳೆಯುವುದರಿಂದ ಸ್ಕೇಲೇ ಗಡಿಯಾರವಾಗುತ್ತದೆ. ಚಿಕ್ಕ ಮಕ್ಕಳ ಬೆರಳಿನಿಂದ ಸ್ಕೇಲು ಪೂರ್ತಿ ಜಾರಿಹೋಗುವುದೂ ಉಂಟು. ಬೇಜಾರು ಬೇಡ. ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬೆಳೆದಂತೆಲ್ಲ ಸಂಕೇತದ ಓಟ ಚುರುಕಾಗುತ್ತದೆ. ಆ ಬೆಳವಣಿಗೆ ಇಪ್ಪತ್ತು ವರ್ಷ ದಾಟಿದ ಮೇಲೂ ಮಿದುಳಿನಲ್ಲಿ ನಡೆಯುತ್ತಲೇ ಇರುತ್ತದೆ.

ಒಂದು ಸೋಜಿಗ ಹೇಳುತ್ತೇನೆ. ಕಣ್ಣಿಗಿಂತ ಕಿವಿ ಚುರುಕು. ಶಬ್ದ ಬೆಳಕಿಗಿಂತ ಎಷ್ಟೋ ನಿಧಾನವಾಗಿ ಚಲಿಸಿದರೂ, ಹತ್ತಿರದ ಸದ್ದಿಗೆ ನಾವು ಸುಮಾರು 0.15 ಸೆಕೆಂಡಿನಲ್ಲೇ ಪ್ರತಿಕ್ರಿಯಿಸುತ್ತೇವೆ. ಬೆಳಕನ್ನು ನರಸಂಕೇತವಾಗಿ ಬದಲಿಸುವ ಕೆಲಸಕ್ಕೆ ಅಕ್ಷಿಪಟಲ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟೇ. ಹಾಗಾದರೆ ಕಾಲು ಸೆಕೆಂಡಿಗೂ ಮೊದಲೇ ಮುಖದ ಮುಂದೆ ಬಂದುಬಿಡುವ ಮುಷ್ಟಿಯನ್ನು ಪಳಗಿದವರು ತಪ್ಪಿಸಿಕೊಳ್ಳುವುದು ಹೇಗೆ? ಅವರು ಮುಷ್ಟಿಯನ್ನು ನೋಡುತ್ತಾ ಕೂರುವುದಿಲ್ಲ. ಕರಾಟೆಪಟುಗಳ ಕಣ್ಣಿನ ಚಲನೆಯನ್ನು ದಾಖಲಿಸಿದವರು ಕಂಡುಕೊಂಡದ್ದು ಇದು: ಅನುಭವಿಗಳ ದೃಷ್ಟಿ ಎದುರಾಳಿಯ ತಲೆ, ಎದೆಯ ಆಸುಪಾಸಿನಲ್ಲಿ ನೆಟ್ಟಿರುತ್ತದೆ. ಕೈಕಾಲುಗಳು ಕಣ್ಣಂಚಿನಲ್ಲೇ ಕಾಣುತ್ತವೆ. ಮುಷ್ಟಿ ಹೊರಡುವ ಮುಂಚೆ ಸೊಂಟ, ಭುಜ ಅಲುಗಲೇಬೇಕಲ್ಲ? ಆ ಅಲುಗಾಟವೇ ಅವರಿಗೆ ಸುದ್ದಿ ಕೊಡುತ್ತದೆ.

ಇಷ್ಟರಲ್ಲಿ ನಮ್ಮ ಅಂಗಳದಲ್ಲಿ ದನಿ ಏರಿದೆ. ಅಮ್ಮ ಮೆಲ್ಲಗೆ ತಟ್ಟಿದಳು. "ಜೋರಾಯ್ತು" ಎಂದು ಮಗಳು ಅಷ್ಟೇ ವಾಪಸ್ ಕೊಟ್ಟಳು. "ನಾನು ಕೊಟ್ಟದ್ದಕ್ಕಿಂತ ಜಾಸ್ತಿಯೇ ಕೊಟ್ಟೆಯಲ್ಲೇ!" ಎಂದು ಅಮ್ಮ ಮತ್ತೆ ತಟ್ಟಿದಳು. ನಾಲ್ಕೈದು ಸುತ್ತಿನಲ್ಲಿ ಆಟ ಹೊಡೆದಾಟದ ಹತ್ತಿರಕ್ಕೆ ಬಂತು. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. 2003ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು. ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತುವಂತೆ ಸಣ್ಣ ಯಂತ್ರ ಜೋಡಿಸಿದರು. ಒಬ್ಬೊಬ್ಬರಿಗೂ ಕೊಟ್ಟ ಸೂಚನೆ ಒಂದೇ: ನಿನ್ನ ಮೇಲೆ ಎಷ್ಟು ಒತ್ತಿದರೋ ಅಷ್ಟೇ ವಾಪಸ್ ಒತ್ತು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಇನ್ನೊಬ್ಬರಿಗೆ ಏನು ಹೇಳಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಇಬ್ಬರೂ ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದರು. ಆದರೂ ಪ್ರತಿ ಸರದಿಗೂ ಬಲ ಸರಾಸರಿ ಶೇಕಡ 38ರಷ್ಟು ಏರುತ್ತಾ ಹೋಯಿತು!

ಶೇಕಡ 38 ಅಂದರೆ ಎಷ್ಟು? ಲೆಕ್ಕದ ಪುಸ್ತಕ ತೆಗೆಯಿರಿ. ಮೊದಲ ಒತ್ತು 1 ಇದ್ದರೆ ಮುಂದಿನದು 1.38, ಅದರ ಮುಂದಿನದು ಸುಮಾರು 1.9, ಆಮೇಲೆ 2.6, ಆಮೇಲೆ 3.6. ಚಕ್ರಬಡ್ಡಿಯ ಲೆಕ್ಕ ಇದು. ಹೀಗೇ ಎಂಟು ಸರದಿ ಏರಿದರೆ 13 ಪಟ್ಟು ದಾಟುತ್ತದೆ. ಮೆಲ್ಲಗೆ ತಟ್ಟಿದ್ದು ಎಂಟೇ ಸರದಿಯಲ್ಲಿ ನೋಯುವ ಏಟಾಗಲು ಸಿಟ್ಟು ಬೇಕಾಗಿಲ್ಲ, ದ್ವೇಷ ಬೇಕಾಗಿಲ್ಲ.

ಕಾರಣ ನಮ್ಮ ಮಿದುಳಿನ ಒಂದು ಅಭ್ಯಾಸ. ಕೈ ಚಲಿಸು ಎಂದು ಸ್ನಾಯುವಿಗೆ ಆಜ್ಞೆ ಕಳಿಸುವಾಗ ಮಿದುಳು ಅದರ ಒಂದು ಪ್ರತಿಯನ್ನು ತನ್ನ ಹತ್ತಿರವೂ ಇಟ್ಟುಕೊಳ್ಳುತ್ತದೆ. ಆ ಪ್ರತಿ ನೋಡಿಕೊಂಡು, ಈ ಚಲನೆಯಿಂದ ಬೆರಳಿಗೆ ಎಷ್ಟು ಒತ್ತು ಬರಬೇಕು ಎಂದು ಮೊದಲೇ ಅಂದಾಜು ಮಾಡುತ್ತದೆ. ಈ ಅಂದಾಜಿನಲ್ಲಿ ತಲೆಯ ಹಿಂದೆ, ಕೆಳಗಿರುವ ಕಿರುಮಿದುಳಿನ ಪಾತ್ರ ದೊಡ್ಡದು. ನಿಜವಾದ ಒತ್ತು ಬಂದಾಗ ಅಂದಾಜಿನ ಒಂದು ಪಾಲನ್ನು ಕಳೆದುಬಿಡುತ್ತದೆ. ನಾನೇ ಮಾಡಿದ್ದು ನನಗೆ ಹೊಸ ಸುದ್ದಿಯಲ್ಲ, ಹೊರಗಿನಿಂದ ಬಂದದ್ದೇ ಮುಖ್ಯ ಎಂಬುದು ಮಿದುಳಿನ ಲೆಕ್ಕ. ಅದಕ್ಕೇ ನಾವು ಕೊಡುವ ಏಟು ನಮಗೆ ಇದ್ದದ್ದಕ್ಕಿಂತ ಹಗುರ ಅನಿಸುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದೆ ಇರುವುದಕ್ಕೂ ಇದೇ ಕಾರಣ. ಲಂಡನ್ನಿನ ಅದೇ ಪ್ರಯೋಗದಲ್ಲಿ ಬೆರಳಿನಿಂದ ನೇರ ಒತ್ತುವ ಬದಲು ಜಾಯ್‌ಸ್ಟಿಕ್ ತಿರುಗಿಸಿ ಯಂತ್ರದಿಂದ ಒತ್ತಿಸಿದಾಗ ಜನ ಹೆಚ್ಚು ಸರಿಯಾಗಿ ಸಮ ಮಾಡಿದರು. ಅಂದರೆ ಅವರಿಗೆ ಬಲ ಅಳೆಯಲು ಬರುತ್ತಿತ್ತು. ತಮ್ಮ ಕೈಯ ಬಲವನ್ನು ಅಳೆಯುವುದಷ್ಟೇ ಬರುತ್ತಿರಲಿಲ್ಲ.

ಇದನ್ನು ತಿಳಿದ ಮೇಲೆ ಅಂಗಳದ ಆಟಕ್ಕೆ ಒಂದು ನಿಯಮ ಮಾಡಿಕೊಳ್ಳಲೇಬೇಕು: ಏಟಿನ ಬಲ ಎಷ್ಟೆಂದು ಹೇಳುವ ಹಕ್ಕು ತಿಂದವರದು, ಕೊಟ್ಟವರದಲ್ಲ. ಇದು ಕೇವಲ ದೊಡ್ಡ ಮನಸ್ಸಿನ ಮಾತಲ್ಲ, ಸರಿಯಾದ ಅಳತೆಯ ಮಾತು. ತಿಂದವರ ಮಿದುಳು ಏನನ್ನೂ ಕಳೆದಿರುವುದಿಲ್ಲ. ಒಂದರಿಂದ ಐದರವರೆಗೆ ಅಂಕ ಇಟ್ಟುಕೊಳ್ಳಿ. ಪ್ರತಿ ಏಟಿಗೂ ತಿಂದವರು "ಎರಡು", "ಮೂರು" ಎಂದು ಕೂಗಲಿ. ಮೂರು ದಾಟಿದರೆ ಕೊಟ್ಟವರು ಎದುರು ಮಾತಾಡದೆ ತಗ್ಗಿಸಲಿ. ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ಇನ್ನೂ ಚೆನ್ನ. ಒಬ್ಬರು ಕಣ್ಣು ಮುಚ್ಚಿಕೊಂಡು ತಕ್ಕಡಿಯನ್ನು ಬೆರಳಿನಿಂದ "200 ಗ್ರಾಂ" ಎಂದು ಊಹಿಸಿ ಒತ್ತಲಿ, ಇನ್ನೊಬ್ಬರು ಅಂಕಿ ಓದಲಿ. ನಮ್ಮ ಕೈಯನ್ನು ನಾವು ಎಷ್ಟು ತಪ್ಪಾಗಿ ಬಲ್ಲೆವೆಂದು ಆಗ ಗೊತ್ತಾಗುತ್ತದೆ. ಅಭ್ಯಾಸ ಮಾಡುತ್ತಾ ಹೋದರೆ ಊಹೆ ಹತ್ತಿರ ಬರುತ್ತದೆ. ಸ್ಪಾರಿಂಗ್‌ನಿಂದ ಕಲಿಯಬೇಕಾದ ಅತಿ ದೊಡ್ಡ ವಿದ್ಯೆ ಇದೇ ಎಂದು ನಾನು ನಂಬಿದ್ದೇನೆ. ಜೋರಾಗಿ ಹೊಡೆಯುವುದು ಯಾರಿಗಾದರೂ ಬರುತ್ತದೆ. ಇಷ್ಟೇ ಹೊಡೆಯಬೇಕೆಂದು ಅಷ್ಟೇ ಹೊಡೆಯುವುದು ಕಷ್ಟ.

ಪ್ರಾಣಿಗಳಿಗೂ ಈ ವಿದ್ಯೆ ಬೇಕು. ಕೋಲಾರದ ಅಂತರಗಂಗೆಯ ಮೆಟ್ಟಿಲುಗಳ ಮೇಲೆ ಕೋತಿಮರಿಗಳು ಉರುಳಾಡುವುದನ್ನು ನೋಡಿರುತ್ತೀರಿ. ಬಾಯಿ ತೆರೆದಿರುತ್ತದೆ, ಆದರೆ ಕಚ್ಚು ಬಲವಾಗಿರುವುದಿಲ್ಲ. ನಾಯಿಮರಿ ಮುಂಗಾಲು ಚಾಚಿ, ಎದೆ ತಗ್ಗಿಸಿ, ಹಿಂಬದಿ ಎತ್ತಿ ನಿಂತರೆ, ಇನ್ನು ಮುಂದಿನದೆಲ್ಲ ಆಟ ಎಂದು ಇನ್ನೊಂದು ಮರಿಗೆ ಅರ್ಥವಾಗುತ್ತದೆ. ದೊಡ್ಡ ನಾಯಿ ಪುಟ್ಟ ಮರಿಯ ಮುಂದೆ ಬೇಕೆಂದೇ ಅಂಗಾತ ಬೀಳುತ್ತದೆ. ಇಲಿಗಳ ಆಟವನ್ನು ವರ್ಷಗಟ್ಟಲೆ ಗಮನಿಸಿದ ಯಾಕ್ ಪಾಂಕ್‌ಸೆಪ್ ಎಂಬ ವಿಜ್ಞಾನಿ ಒಂದು ಮಾತು ಬರೆದಿದ್ದಾರೆ: ದೊಡ್ಡ ಇಲಿಯೇ ಸದಾ ಗೆಲ್ಲುತ್ತಾ, ಚಿಕ್ಕದಕ್ಕೆ ಹತ್ತರಲ್ಲಿ ಮೂರು ಸಲವಾದರೂ ಗೆಲ್ಲಲು ಬಿಡದಿದ್ದರೆ, ಚಿಕ್ಕ ಇಲಿ ಆಟಕ್ಕೆ ಕರೆಯುವುದನ್ನೇ ನಿಲ್ಲಿಸುತ್ತದೆ. ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ.

ಜೋಡಿ ಸರಿಹೊಂದಬೇಕೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಕಾಳಗಕ್ಕೆ ಒಂದು ಭಾಗವೇ ಇದೆ. ಅದರಲ್ಲಿ ಮಲ್ಲರನ್ನು ವಯಸ್ಸು, ಬಲ ನೋಡಿ ದರ್ಜೆಗಳಾಗಿ ವಿಂಗಡಿಸಿದ್ದಾರೆ. ಇಂದಿನ ಒಲಿಂಪಿಕ್ಸ್ ಟೇಕ್ವಾಂಡೊದ ತೂಕದ ವಿಭಾಗಗಳ ಹಿಂದೆ ಇರುವುದೂ ಅದೇ ವಿಚಾರ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗವಂತೂ ಮನೆತನದಲ್ಲಿ ಹಿರಿಯರಿಂದ ಕಿರಿಯರಿಗೆ ಬಂದ ವಿದ್ಯೆ. ಮೊದಲ ಹನಿ ರಕ್ತ ಕಂಡ ಕೂಡಲೇ ಅದನ್ನು ನಿಲ್ಲಿಸುತ್ತಾರೆ. ಅದು ಪಳಗಿದ ದೊಡ್ಡವರ ಕಾಳಗ, ನೀವು ಆಡುವಂಥದ್ದಲ್ಲ. ಆದರೂ ಗಮನಿಸಿ, ಅಂಥ ಉಗ್ರ ಕಾಳಗಕ್ಕೂ ಎಲ್ಲಿ ನಿಲ್ಲಿಸಬೇಕೆಂಬುದು ಶುರುವಾಗುವ ಮೊದಲೇ ಗೊತ್ತು. ನಿಮ್ಮ ಅಂಗಳದಲ್ಲಿ "ಸಾಕು" ಎಂಬ ಒಂದೇ ಮಾತು ಆ ಕೆಲಸ ಮಾಡಲಿ.

ಕೊನೆಗೆ ತಲೆಯ ವಿಚಾರ. ದೊಡ್ಡವರ ಮಿದುಳು ಸುಮಾರು 1,400 ಗ್ರಾಂ ತೂಗುತ್ತದೆ. ಅದು ತಲೆಬುರುಡೆಯೊಳಗೆ ಒಂದು ತಿಳಿಯಾದ ದ್ರವದಲ್ಲಿ ತೇಲುತ್ತಿರುವುದರಿಂದ, ತಳಕ್ಕೆ ಬೀಳುವ ಭಾರ ಬರೀ 50 ಗ್ರಾಂನಷ್ಟು. ಎಂಥ ಚೆಂದದ ಏರ್ಪಾಟು! ಆದರೆ ತಲೆಗೆ ಏಟು ಬಿದ್ದು ಬುರುಡೆ ತಟ್ಟನೆ ತಿರುಗಿದಾಗ, ತೇಲುವ ಮಿದುಳು ಅಷ್ಟೇ ಬೇಗ ತಿರುಗುವುದಿಲ್ಲ. ಒಳಗಿನ ನರತಂತುಗಳು ಎಳೆದುಕೊಳ್ಳುತ್ತವೆ. ಮಕ್ಕಳ ತಲೆ ದೊಡ್ಡದು, ಕತ್ತಿನ ಸ್ನಾಯು ಎಳೆಯದು, ಹಾಗಾಗಿ ಅಪಾಯವೂ ಹೆಚ್ಚು. ಹೆಲ್ಮೆಟ್ಟು, ಹೆಡ್‌ಗಾರ್ಡು ಮೇಲಿನ ಗಾಯವನ್ನು ತಪ್ಪಿಸುತ್ತವೆ, ಒಳಗಿನ ಈ ತಿರುಚಾಟವನ್ನು ಪೂರ್ತಿ ತಡೆಯಲಾರವು. ಆದ್ದರಿಂದ ಮನೆಯ ಅಭ್ಯಾಸದಲ್ಲಿ ತಲೆ, ಕತ್ತು, ಬೆನ್ನುಹುರಿಗೆ ಏಟು ಬೇಡವೇ ಬೇಡ. ಭುಜ, ದಿಂಬು, ಅಂಗೈ ಸಾಕು. ಯಾರಿಗಾದರೂ ಆಕಸ್ಮಿಕವಾಗಿ ತಲೆಗೆ ಪೆಟ್ಟಾಗಿ ತಲೆನೋವು, ವಾಂತಿ, ತಲೆಸುತ್ತು, ಮಂಪರು ಕಾಣಿಸಿದರೆ ಆ ಕ್ಷಣವೇ ಆಟ ನಿಲ್ಲಿಸಿ, ಮನೆಯ ದೊಡ್ಡವರಿಗೆ ಹೇಳಿ, ತಡಮಾಡದೆ ಡಾಕ್ಟರಿಗೆ ತೋರಿಸಿ. ಡಾಕ್ಟರು ಸರಿ ಎನ್ನುವವರೆಗೆ ಮತ್ತೆ ಆಡಬೇಡಿ.